ಸಲೈನ್ ಹಾಕಿದರೂ ಬಿಪಿ ಏಕೆ ಏರಲಿಲ್ಲ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ಮೂತ್ರದ ಸೋಂಕು ಸೆಪ್ಸಿಸ್‌ಗೆ (ಸೋಂಕಿನಿಂದ ಇಡೀ ದೇಹ ಹದಗೆಡುವ ಸ್ಥಿತಿ) ತಿರುಗಿ ಐಸಿಯು ಸೇರಿದ್ದರು. ಎಷ್ಟು ಸಲೈನ್ ಹಾಕಿದರೂ ಬಿಪಿ 84/38 ದಾಟಲಿಲ್ಲ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೆಚ್ಚಾಗಿ ರಕ್ತನಾಳಗಳು ಸಡಿಲಗೊಂಡಿವೆ ಎಂದರು ಡಾಕ್ಟರು. ಹಾಗಿದ್ದರೆ ಅದನ್ನೇ ತಡೆಯುವ ಔಷಧಿ ಕೊಡಬಾರದೇ? ಈಗ ಮನೆಗೆ ಬಂದಿದ್ದಾರೆ. ಅರ್ಜಿನಿನ್ ಪುಡಿ ಕೊಡಬಹುದೇ?

ಉತ್ತರ: ಡಾಕ್ಟರು ಹೇಳಿದ್ದು ಸರಿ. ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ-ಕೋಲಿ ಬ್ಯಾಕ್ಟೀರಿಯಾದ ಹೊರಕವಚದಲ್ಲಿ ಎಂಡೊಟಾಕ್ಸಿನ್ ಎಂಬ ವಿಷ ಇರುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅದನ್ನು ಟಿಎಲ್‌ಆರ್-4 ಗ್ರಾಹಕದ ಮೂಲಕ ಗುರುತಿಸಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1ರಂಥ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಆ ಸಂದೇಶ ತಲುಪಿದ ರಕ್ತನಾಳದ ಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವ ಐನಾಸ್ (iNOS) ಎಂಬ ಕಿಣ್ವ ಹೊಸದಾಗಿ ತಯಾರಾಗುತ್ತದೆ.

ಎಡವಟ್ಟಾಗುವುದು ಇಲ್ಲೇ. ರಕ್ತನಾಳದ ಒಳಪದರದಲ್ಲಿ ಸದಾ ಇರುವ ಇನಾಸ್ (eNOS) ಕಿಣ್ವ, ಕ್ಯಾಲ್ಸಿಯಂ ಏರಿದಾಗ ಮಾತ್ರ ಅಷ್ಟಿಷ್ಟು ನೈಟ್ರಿಕ್ ಆಕ್ಸೈಡ್ ಮಾಡಿ ಸುಮ್ಮನಾಗುತ್ತದೆ. ಐನಾಸ್‌ಗೆ ಆ ಹತೋಟಿ ಇಲ್ಲ. ಕಚ್ಚಾವಸ್ತುವಾದ ಅರ್ಜಿನಿನ್ ಎಂಬ ಅಮೈನೊ ಆಮ್ಲ ಸಿಗುತ್ತಿರುವಷ್ಟು ಕಾಲ ಗಂಟೆಗಟ್ಟಲೆ ಮಾಡುತ್ತಲೇ ಇರುತ್ತದೆ. ಆ ಅನಿಲ ಸ್ನಾಯುಕೋಶದಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸಿ ನಾಳವನ್ನು ಹಿಗ್ಗಿಸುತ್ತದೆ. ಕೊಡದ ನೀರನ್ನು ಹಂಡೆಗೆ ಸುರಿದಂತೆ, ರಕ್ತ ಇದ್ದಷ್ಟೇ ಇದ್ದರೂ ಒತ್ತಡ ಕುಸಿಯುತ್ತದೆ. ನಾಳವನ್ನು ಬಿಗಿಗೊಳಿಸುವ, ದೇಹದ್ದೇ ಆದ ನಾರ್‌ಅಡ್ರಿನಲಿನ್ ಹಾರ್ಮೋನಿಗೂ ನಾಳ ಸರಿಯಾಗಿ ಓಗೊಡುವುದಿಲ್ಲ.

ತಡೆಯುವ ಪ್ರಯತ್ನ ನಡೆದಿದೆ. 1990ರ ದಶಕದಲ್ಲಿ ಎಲ್-ಎನ್‌ಎಂಎಂಎ ಎಂಬ ಔಷಧಿಯನ್ನು 797 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಬಿಪಿ ಏರಿತು, ಆದರೆ ಸಾವೂ ಹೆಚ್ಚಿತು: 28 ದಿನಗಳಲ್ಲಿ ಔಷಧಿ ಪಡೆದವರಲ್ಲಿ ಶೇ 59, ಪಡೆಯದವರಲ್ಲಿ ಶೇ 49. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆ ಔಷಧಿ ಐನಾಸ್ ಜೊತೆಗೆ ಇನಾಸನ್ನೂ ಕಟ್ಟಿಹಾಕುತ್ತಿತ್ತು. ಸೂಕ್ಷ್ಮನಾಳಗಳಲ್ಲಿ ರಕ್ತ ಹರಿಯಲು, ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಿರಲು ಇನಾಸ್ ಬೇಕೇ ಬೇಕು. ಮಾನಿಟರಿನ ಅಂಕಿ ಸುಧಾರಿಸಿದ ಮಾತ್ರಕ್ಕೆ ಅಂಗಾಂಗಗಳಿಗೆ ರಕ್ತ ತಲುಪಿತು ಎಂದಲ್ಲ. ಈ ವಿಷಯದಲ್ಲಿ ನಾವು ಮರೆಯಬಾರದ ಪಾಠವಿದು. ನೈಟ್ರಿಕ್ ಆಕ್ಸೈಡಿನ ಕೆಲಸವನ್ನು ತಡೆಯುವ ಮೆಥಿಲೀನ್ ಬ್ಲೂ ಔಷಧಿಯನ್ನು ಬೇರೇನೂ ಫಲಿಸದಾಗ ಕೆಲವೆಡೆ ಬಳಸುತ್ತಾರೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ, ಖಿನ್ನತೆಗೆ ಎಸ್‌ಎಸ್‌ಆರ್‌ಐ ಮಾತ್ರೆ ನುಂಗುವವರಿಗೆ ಅದು ಅಪಾಯಕಾರಿ.

ಹಾಗಾಗಿ ಚಿಕಿತ್ಸೆ ಬೇರೆ ದಾರಿಯಲ್ಲಿ ಸಾಗುತ್ತದೆ. ಶಾಕ್ (ಬಿಪಿ ಹೀಗೆ ಕುಸಿದ ಸ್ಥಿತಿ) ಇದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು. ಕಲ್ಲು ಸಿಕ್ಕಿಕೊಂಡು ಮೂತ್ರ ಕಟ್ಟಿದ್ದರೆ ಸ್ಟೆಂಟ್ ಹಾಕಿ ಹರಿಯಬಿಡಬೇಕು. ಮೊದಲ 3 ಗಂಟೆಯಲ್ಲಿ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ದ್ರವ, ಅಂದರೆ 60 ಕೆ.ಜಿ.ಯವರಿಗೆ 1.8 ಲೀಟರ್. ಅದಕ್ಕೂ ಬಗ್ಗದಿದ್ದರೆ ಮತ್ತಷ್ಟು ಸಲೈನ್ ಸುರಿಯುವುದರಿಂದ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ; ನಾರ್‌ಅಡ್ರಿನಲಿನ್ ಶುರು ಮಾಡಬೇಕು. ಗುರಿ ಸರಾಸರಿ ಒತ್ತಡ 65. ನಿಮ್ಮ ತಂದೆಯದು 84ಕ್ಕೆ 38ರ ಎರಡರಷ್ಟು ಕೂಡಿಸಿ 3ರಿಂದ ಭಾಗಿಸಿದರೆ ಬರೀ 53. ಕುತ್ತಿಗೆಯ ದೊಡ್ಡ ನಾಳ ಸಿಗಲೆಂದು ಕಾಯದೆ ಮೊಣಕೈ ಬಳಿಯ ಒಳ್ಳೆಯ ರಕ್ತನಾಳಕ್ಕೇ ಆರಂಭಿಸಬಹುದು. ಔಷಧಿ ಹೊರಗೆ ಸೋರಿದರೆ ಚರ್ಮ ಕೊಳೆಯುವುದರಿಂದ ಆ ಜಾಗದ ಮೇಲೆ ಕಣ್ಣಿಟ್ಟಿರಬೇಕು. ಡೋಸ್ ಏರುತ್ತಲೇ ಹೋದರೆ ನಾಳ ಬಿಗಿಗೊಳಿಸುವ ಇನ್ನೊಂದು ಔಷಧಿ ವ್ಯಾಸೊಪ್ರೆಸಿನ್, ದಿನಕ್ಕೆ 200 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಸೇರಿಸುತ್ತಾರೆ. ಈ ಸ್ಟೀರಾಯ್ಡ್ ಹೊಸ ಐನಾಸ್ ತಯಾರಾಗುವುದನ್ನೂ ತಗ್ಗಿಸುತ್ತದೆ.

ಅರ್ಜಿನಿನ್ ಪುಡಿ ಬೇಡ. ತಂದೆ ಬಿಪಿ ಮಾತ್ರೆ ನುಂಗುತ್ತಿದ್ದರೆ ಅದರ ಜೊತೆ ಸೇರಿ ಒತ್ತಡ ಇಳಿಸಬಹುದು. ಅವರಿಗೆ ಮತ್ತೆ ಉರಿಮೂತ್ರ, ಚಳಿ ಬಂದರೆ ಉಸಿರು ಎಣಿಸಿ: ನಿಮಿಷಕ್ಕೆ 22 ಮುಟ್ಟಿದ್ದರೆ, ಮಾತು ತಡವರಿಸಿದರೆ ಅಥವಾ ಮೇಲಿನ ಬಿಪಿ 100ಕ್ಕೆ ಇಳಿದಿದ್ದರೆ ಜ್ವರ ಇಲ್ಲದಿದ್ದರೂ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.