ಬಕೆಟ್ ತುಂಬಲು ಬೇಸಿಗೆಯಲ್ಲಿ ಎಷ್ಟು ಹೊತ್ತು?

ಓದುಗರೊಬ್ಬರ ಪತ್ರ: "ಗುಡ್ಡದ ಮೇಲಿನ ನಮ್ಮ ಊರಿನಲ್ಲಿ 60 ಮನೆ, ಸುಮಾರು 300 ಜನ. ಮೇಲಿನ ಒರತೆಯಿಂದ ಎಲ್ಲರಿಗೂ ನಲ್ಲಿ ಹಾಕಿಸಬೇಕು ಅಂತಿದ್ದೇವೆ. ಮಳೆಗಾಲ ಮುಗಿದ ಮೇಲೆ ಅಳೆದಾಗ 15 ಲೀಟರ್ ಬಕೆಟ್ 20 ಸೆಕೆಂಡಿಗೆ ತುಂಬಿತು. ಬಹುಪಾಲು ಖರ್ಚಿಗೆ ಅನುದಾನ ಸಿಗುವಂತಿದೆ, ಉಳಿದದ್ದು ಸಾಲ. ತಿಂಗಳ ಶುಲ್ಕ ಬೇಡ ಅನ್ನುವವರೇ ಜಾಸ್ತಿ. ಏನು ಮಾಡೋಣ?"

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಬಕೆಟ್. ಅಷ್ಟೂ ಅಳೆಯದೆ ಪೈಪು ತಂದು ಹಾಕುವವರಿದ್ದಾರೆ. ಆದರೆ ನೀವು ಅಳೆದ ಕಾಲ ಸರಿಯಿಲ್ಲ. 20 ಸೆಕೆಂಡಿಗೆ 15 ಲೀಟರ್ ಅಂದರೆ ದಿನಕ್ಕೆ 64,800 ಲೀಟರ್. ತಲೆಗೆ 100 ಲೀಟರ್ ಹಿಡಿದರೂ ನಿಮಗೆ ಬೇಕಾಗಿರುವುದು 30,000. ಧಾರಾಳ ಅನಿಸುತ್ತದೆ, ಅಲ್ವಾ? ಅದೇ ಬಕೆಟ್ ಕಡುಬೇಸಿಗೆಯಲ್ಲಿ 45 ಸೆಕೆಂಡ್ ತೆಗೆದುಕೊಂಡರೆ ಸಿಗುವುದು 28,800 ಮಾತ್ರ. ಪೈಪಿನಲ್ಲಿ ಸೋರಿ ಹೋಗುವುದನ್ನು ಇನ್ನೂ ಕಳೆದಿಲ್ಲ. ಹಾಗಾಗಿ ಒರತೆ ತೀರ ಸಣ್ಣಗಾಗುವ ತಿಂಗಳಲ್ಲಿ ವಾರಕ್ಕೊಮ್ಮೆ ಅಳೆದು, ದಿನಾಂಕ ಹಾಕಿ ಬರೆದಿಡಿ. ಯೋಜನೆಗೆ ಆ ಅಂಕಿಯೇ ಬುನಾದಿ.

ನೀರು ಕಡಿಮೆ ಬಿದ್ದರೆ ದೊಡ್ಡ ಟ್ಯಾಂಕು ಕಟ್ಟೋಣ ಅನ್ನುವ ಮಾತು ಬರುತ್ತದೆ. ರಾತ್ರಿ ಸುಮ್ನೆ ಹರಿದು ಹೋಗುವ ನೀರನ್ನು ಬೆಳಗಿನ ನೂಕುನುಗ್ಗಲಿಗೆ ಹಿಡಿದಿಡುವುದು ಟ್ಯಾಂಕಿನ ಕೆಲಸ. ಒರತೆ ಕೊಡದ ನೀರನ್ನು ಅದು ಎಲ್ಲಿಂದ ತಂದೀತು?

ಇಳಿಜಾರು ಇರುವುದರಿಂದ ಪಂಪಿನ ಖರ್ಚು ಉಳಿಯಬಹುದು. ಆದರೆ 100 ಮೀಟರ್ ಇಳಿದರೆ ಪೈಪಿನೊಳಗೆ ಸುಮಾರು 10 ಬಾರ್ ಒತ್ತಡ. ಅದನ್ನು ಮುರಿಯಲು ನಡುವೆ ಸಣ್ಣ ತೊಟ್ಟಿಗಳು ಬೇಕು. ಪೈಪು ಏರಿ ಇಳಿಯುವ ಕಡೆ, ದಿಬ್ಬದ ತುದಿಯಲ್ಲಿ, ಗಾಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಏರ್ ವಾಲ್ವ್ (ಆ ಗಾಳಿಯನ್ನು ಹೊರಬಿಡುವ ಕವಾಟ) ಹಾಕದೆ ಹೋದರೆ, ಮೇಲೆ ಟ್ಯಾಂಕು ತುಂಬಿರುತ್ತದೆ, ಕೆಳಗೆ ನಲ್ಲಿ ಬುಸುಗುಟ್ಟುತ್ತದೆ, ನೀರಿಲ್ಲ. ಇಂಥ ಕಡೆ ದಯವಿಟ್ಟು ಉಳಿತಾಯ ನೋಡಬೇಡಿ.

ಈಗ ದುಡ್ಡಿನ ವಿಷಯ. ನನಗೆ ನಿಜಕ್ಕೂ ಚಿಂತೆ ಇರುವುದು ಇಲ್ಲೇ. ಕಟ್ಟಲು ಅನುದಾನ ಸಿಗುತ್ತದೆ, ನೋಡಿಕೊಳ್ಳಲು ಸಿಗುವುದು ಅಪರೂಪ. ಶುಲ್ಕ ಬೇಡ ಅನ್ನುವವರ ಮುಂದೆ ಒಂದು ಪಟ್ಟಿ ಇಡಿ. ಕ್ಲೋರಿನ್ ಹಾಕುವ ಯಂತ್ರ 10 ವರ್ಷ ಬಾಳುತ್ತದೆ ಎಂದುಕೊಂಡರೆ ಅದರ ಬೆಲೆಯ ಹತ್ತನೇ ಒಂದು ಪಾಲನ್ನು ಪ್ರತಿ ವರ್ಷ ಎತ್ತಿಡಬೇಕು. ಪೈಪಿಗೆ 40 ವರ್ಷ ಅಂದರೆ ನಲವತ್ತನೇ ಒಂದು ಪಾಲು. ಇದಕ್ಕೆ ನೀರಗಂಟಿಯ ಸಂಬಳ, ಕ್ಲೋರಿನ್, ನೀರಿನ ಪರೀಕ್ಷೆ, ಸಾಲದ ಕಂತು ಸೇರಿಸಿ, ಮನೆಗಳ ಲೆಕ್ಕದಲ್ಲಿ ಭಾಗಿಸಿ. ಅದೇ ನಿಮ್ಮ ಶುಲ್ಕ. ಬೆಲೆಗಳು ಏರುತ್ತವೆ, ಆದ್ದರಿಂದ ವರ್ಷಕ್ಕೊಮ್ಮೆ ಲೆಕ್ಕ ತಿದ್ದಿ. ಸಾಲ ಎಷ್ಟು ವರ್ಷಕ್ಕೆ? ಕೊಂಡ ವಸ್ತು ಸವೆಯುವ ಮೊದಲೇ ತೀರುವಷ್ಟಕ್ಕೆ.

ವರ್ಷದಲ್ಲಿ ಕೆಲವೇ ತಿಂಗಳು ಬಾಗಿಲು ತೆಗೆಯುವ ಮನೆಗಳೂ ನಿಮ್ಮಲ್ಲಿ ಇರಬಹುದು. ಅವರೂ ಪೂರ್ತಿ ವರ್ಷದ ನಿಗದಿ ಶುಲ್ಕ ಕೊಡಬೇಕು. ನೀರು ಬಳಸಲಿ, ಬಿಡಲಿ, ಪೈಪು ಅವರ ಬಾಗಿಲವರೆಗೂ ಹೋಗಿದೆಯಲ್ಲ. ಸಣ್ಣ ಊರಿನ ವ್ಯವಸ್ಥೆಯಲ್ಲಿ ಬಹುಪಾಲು ಖರ್ಚು ಬಳಕೆಯ ಮೇಲೆ ಏರಿಳಿಯುವುದಿಲ್ಲ. ಬರೀ ಲೀಟರ್ ಲೆಕ್ಕದಲ್ಲಿ ವಸೂಲಿ ಮಾಡಿದರೆ ಮಳೆಗಾಲದಲ್ಲಿ ಪೆಟ್ಟಿಗೆ ಖಾಲಿ. ಇನ್ನು ಮನೆಮನೆಗೆ ಮೀಟರ್ ಆಮೇಲೆ ಹಾಕಿದರೂ ಆದೀತು. ಟ್ಯಾಂಕಿನಿಂದ ಊರಿಗೆ ನೀರು ಹೊರಡುವ ಕಡೆ ಒಂದು ಮೀಟರ್ ಮಾತ್ರ ಮೊದಲ ದಿನದಿಂದಲೇ ಇರಲಿ. ರಾತ್ರಿ 2 ಗಂಟೆಗೆ ಊರೆಲ್ಲ ಮಲಗಿರುವಾಗ ಟಾರ್ಚ್ ಹಿಡಿದು ನೋಡಿ. ಆಗಲೂ ಅದರ ಮುಳ್ಳು ಜೋರಾಗಿ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ.

ಒರತೆ ಯಾರ ಜಾಗದಲ್ಲಿದೆ ಎಂದು ನೀವು ಬರೆದಿಲ್ಲ. ಯಾರದಾದರೂ ಸ್ವಂತ ಜಾಗವಾದರೆ ಬಾಯಿಮಾತಿನ ಒಪ್ಪಿಗೆ ನಂಬಿ ಒಂದು ಅಡಿ ಪೈಪನ್ನೂ ಹೂಳಬೇಡಿ. ಅವರು ಕೊಟ್ಟ ಮಾತು ಅವರ ಮಕ್ಕಳನ್ನು ಕಟ್ಟಿಹಾಕುವುದಿಲ್ಲ. ಒರತೆಯ ನೀರಿನ ಹಕ್ಕು, ಪೈಪು ಹಾದುಹೋಗುವ ದಾರಿ, ದುರಸ್ತಿಗೆ ಒಳಗೆ ಹೋಗುವ ಅನುಮತಿ, ಈ ಮೂರನ್ನೂ ಬರವಣಿಗೆಯಲ್ಲಿ ಪಡೆದು ನೋಂದಣಿ ಮಾಡಿಸಿ. ಸಾಲದ ಅರ್ಜಿಗೆ ಸಹಿ ಹಾಕುವುದು ಅದಾದ ಮೇಲೆ.