ಹೊಸ ಮನೆಗೆ ನಮ್ಮ ಸಂಬಳ ಸಾಕೇ?

ಓದುಗರ ಪತ್ರ: ನಾವು ಗಂಡ, ಹೆಂಡತಿ, ಇಬ್ಬರು ಮಕ್ಕಳು. ಈಗಿರುವ ಬಾಡಿಗೆ ಮನೆ ಸಾಲುತ್ತಿಲ್ಲ. ಒಂದು ಕೋಣೆ ಜಾಸ್ತಿ ಇರುವ ಮನೆ ನೋಡಿದ್ದೇವೆ. ತೆರಿಗೆ ಕಳೆದು ಕೈಗೆ ಬರುವುದು 100 ಅಂದುಕೊಂಡರೆ ಈಗಿನ ಬಾಡಿಗೆ 24, ಅಲ್ಲಿ 33. ಸದ್ಯ ಎಲ್ಲ ಖರ್ಚು ಕಳೆದು ತಿಂಗಳಿಗೆ 18 ಮಿಗುತ್ತದೆ. ಅಲ್ಲಿಗೆ ಹೋದರೆ 9. ಅಷ್ಟು ಸಾಕಾ? ಬಾಡಿಗೆ 30 ದಾಟಬಾರದು ಎನ್ನುತ್ತಾರೆ ಸ್ನೇಹಿತರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಅಪ್ಪ. ಮನೆ ಮಾಲೀಕರು ಹತ್ತು ದಿನ ಟೈಮ್ ಕೊಟ್ಟಿದ್ದಾರೆ.

ಸಂಪಾದಕರ ಉತ್ತರ: ನಿಮ್ಮಪ್ಪ ಹೇಳಿದ್ದು ಸರಿಯೇ. ಆದರೆ ಹಾಸಿಗೆ ಎಷ್ಟುದ್ದ ಇದೆ ಅಂತ ಅಳೆಯುವುದು ಹೇಗೆ ಅನ್ನುವುದನ್ನು ಗಾದೆ ಹೇಳಿಕೊಡುವುದಿಲ್ಲ. ನಿಮ್ಮ ಕಷ್ಟ ಇರುವುದು ಅಲ್ಲೇ.

ಪತ್ರ ಓದಿದಾಗ ನನಗೆ ಅನುಮಾನ ಬಂದದ್ದು 33ರ ಮೇಲಲ್ಲ, 18ರ ಮೇಲೆ. ಈ 18 ಎಲ್ಲಿಂದ ಬಂತು? ಬಹುಶಃ ಒಂದು ಸಂಜೆ ಇಬ್ಬರೂ ಕೂತು ಬಾಡಿಗೆ, ದಿನಸಿ, ಕರೆಂಟು, ಪೆಟ್ರೋಲು, ಫೋನು ಅಂತ ಬರೆದು ಸಂಬಳದಿಂದ ಕಳೆದಿದ್ದೀರಿ. ನಾವೆಲ್ಲ ಮಾಡುವುದು ಹೀಗೇ. ಆದರೆ ಆ ಪಟ್ಟಿಯಲ್ಲಿ ತಿಂಗಳು ತಿಂಗಳು ಬರುವ ಖರ್ಚಿಗೆ ಮಾತ್ರ ಜಾಗ. ವರ್ಷಕ್ಕೊಮ್ಮೆ ಕಟ್ಟುವ ವಿಮೆ, ಮಗುವಿನ ಹಲ್ಲು, ಗಾಡಿಯ ಟೈರು, ಕೆಟ್ಟುಹೋದ ಫ್ರಿಜ್ಜು, ನೆಂಟರ ಮನೆ ಮದುವೆ ಇವೆಲ್ಲ ಅದರೊಳಗೆ ಬರುವುದೇ ಇಲ್ಲ. ಬಂದಾಗ 'ಈ ತಿಂಗಳು ಏನೋ ಎಕ್ಸ್‌ಟ್ರಾ ಖರ್ಚು' ಅಂದುಬಿಡುತ್ತೇವೆ. ಎಕ್ಸ್‌ಟ್ರಾ ಖರ್ಚಿಲ್ಲದ ತಿಂಗಳು ಕಳೆದ ವರ್ಷ ಯಾವುದಿತ್ತು, ನೆನಪು ಮಾಡಿಕೊಳ್ಳಿ ನೋಡೋಣ.

ಹಾಗಾಗಿ ಪಟ್ಟಿಯನ್ನು ಪಕ್ಕಕ್ಕಿಟ್ಟು ಪಾಸ್‌ಬುಕ್ ತೆಗೆಯಿರಿ. ಹೋದ ವರ್ಷ ಇದೇ ತಾರೀಖಿಗೆ ನಿಮ್ಮ ಹತ್ತಿರ ಒಟ್ಟು ಎಷ್ಟಿತ್ತು? ಇವತ್ತು ಎಷ್ಟಿದೆ? ಉಳಿತಾಯ ಅಂತ ಬೇರೆ ಕಡೆ ಹಾಕಿದ್ದನ್ನೂ ಸೇರಿಸಿ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಕಳೆಯಿರಿ. ತಿಂಗಳಿಗೆ ನಿಜವಾಗಿ 18 ಮಿಕ್ಕಿದ್ದರೆ ವರ್ಷಕ್ಕೆ 216 ಆಗಬೇಕು, ಅಂದರೆ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಬೆಳೆದಿರುವುದು ಒಂದೇ ತಿಂಗಳ ಸಂಬಳದಷ್ಟು ಅಂದುಕೊಳ್ಳಿ. ಆಗ ನಿಮಗೆ ತಿಂಗಳಿಗೆ ಮಿಗುತ್ತಿರುವುದು 18 ಅಲ್ಲ, ಹತ್ತಿರ ಹತ್ತಿರ 8. ಬಾಡಿಗೆ 9 ಏರಿದರೆ ಏನಾಗುತ್ತದೆ, ನಾನು ಹೇಳಬೇಕಿಲ್ಲ. ಪಟ್ಟಿಯ ಪ್ರಕಾರ ಆರಾಮಾಗಿದ್ದ ಮನೆ ವರ್ಷದ ಕೊನೆಗೆ ಸಾಲದಲ್ಲಿರುತ್ತದೆ. ದುಡ್ಡು ಹೋದದ್ದೆಲ್ಲಿ ಅಂತ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇನ್ನು ಸ್ನೇಹಿತರ 30ರ ಲೆಕ್ಕ. ಅದರ ಹುಟ್ಟು ಗೊತ್ತಾದರೆ ಅಷ್ಟೊಂದು ಹೆದರುವುದಿಲ್ಲ. 1969ರಲ್ಲಿ ಅಮೆರಿಕದ ಒಂದು ಕಾನೂನು ಸರ್ಕಾರಿ ವಸತಿಯಲ್ಲಿರುವ ಬಡವರ ಬಾಡಿಗೆ ಆದಾಯದ ಶೇ. 25 ದಾಟಬಾರದು ಎಂದಿತು. 1981ರಲ್ಲಿ ಅದನ್ನೇ ಶೇ. 30 ಮಾಡಿದರು. ಆ 12 ವರ್ಷದಲ್ಲಿ ಜನರ ಹೊಟ್ಟೆಯೇನೂ ಚಿಕ್ಕದಾಗಿರಲಿಲ್ಲ, ಸರ್ಕಾರಕ್ಕೆ ತನ್ನ ಖರ್ಚು ಇಳಿಸಬೇಕಿತ್ತು ಅಷ್ಟೇ. ಆದಾಯ ಕಡಿಮೆ ಇದ್ದಷ್ಟೂ ಬಾಡಿಗೆಗೆ ಹೋಗುವ ಪಾಲು ಜಾಸ್ತಿ ಅಂತ ಬರ್ಲಿನ್‌ನ ಅಂಕಿಅಂಶ ತಜ್ಞ ಹರ್ಮನ್ ಶ್ವಾಬೆ 1868ರಲ್ಲೇ ತೋರಿಸಿದ್ದ. ಎಲ್ಲರಿಗೂ ಒಂದೇ ಅಳತೆ ಹಿಡಿಯುವುದು ಕಷ್ಟ ಅನ್ನುವುದು ಅಷ್ಟು ಹಳೆಯ ವಿಷಯ. ನಿಮ್ಮದೇ ಉದಾಹರಣೆ ತಗೊಳ್ಳಿ. ಬಾಡಿಗೆ ಬಿಟ್ಟು ನಾಲ್ಕು ಜನಕ್ಕೆ ತಿಂಗಳಿಗೆ 60 ಬೇಕು ಅಂತಿಟ್ಟುಕೊಳ್ಳಿ. 100 ತರುವವರು 33 ಬಾಡಿಗೆ ಕೊಟ್ಟರೆ 7 ಉಳಿಯುತ್ತದೆ. 200 ತರುವವರು ಅದೇ ಲೆಕ್ಕದಲ್ಲಿ 66 ಕೊಟ್ಟರೂ 74 ಉಳಿಯುತ್ತದೆ. ಇಬ್ಬರ ಬಾಡಿಗೆಯೂ ನೂರಕ್ಕೆ 33, ಬದುಕು ಮಾತ್ರ ಬೇರೆ ಬೇರೆ. ಅದಕ್ಕೇ ಬಾಡಿಗೆಗೆ ಎಷ್ಟು ಹೋಯಿತು ಅನ್ನುವುದಕ್ಕಿಂತ ಕೊಟ್ಟ ಮೇಲೆ ಎಷ್ಟು ಉಳಿಯಿತು ಅಂತ ನೋಡಿ ಅನ್ನುತ್ತೇನೆ.

ಬಾಡಿಗೆ ಒಂದೇ ಏರುವುದೂ ಅಲ್ಲ. ಹಿಂದೊಮ್ಮೆ ನಾನು ದೊಡ್ಡ ಮನೆಗೆ ಹೋದಾಗ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕಿದ್ದೆ. ಖಾಲಿ ಕೋಣೆ ಸುಮ್ನೆ ಇರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದಕ್ಕೊಂದು ಫ್ಯಾನು ಬೇಕು, ಪರದೆ ಬೇಕು, ಮಂಚ ಬೇಕು. ಕಿಟಕಿಗಳ ಅಳತೆ ಬೇರೆ, ಹಳೆಯ ಪರದೆ ಒಂದೂ ಕೂರಲಿಲ್ಲ! ಆಫೀಸು ದೂರವಾಗಿ ಓಡಾಟದ ಖರ್ಚೂ ಏರಿತು. ನಿಮಗೆ ಉಲ್ಟಾ ಆಗಬಹುದು, ಶಾಲೆ ನಡೆಯುವಷ್ಟು ಹತ್ತಿರ ಬಂದರೆ ಉಳಿತಾಯವೇ. ಈಗ ಆ ಮನೆಯಲ್ಲಿರುವವರ ಹತ್ತಿರ ಕರೆಂಟ್ ಬಿಲ್ ಎಷ್ಟು ಬರುತ್ತದೆ, ನೀರು ಹೇಗೆ, ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಿ. ಸಂಕೋಚ ಬೇಡ. ಬಾಡಿಗೆ ಎಷ್ಟು ದಿನಕ್ಕೊಮ್ಮೆ ಏರುತ್ತದೆ ಅಂತ ಮಾಲೀಕರನ್ನೇ ಕೇಳಿ.

ಅಡ್ವಾನ್ಸ್, ಲಾರಿ, ಪೇಂಟಿಂಗ್ ಎಲ್ಲ ಒಂದು ಸಲದ ಖರ್ಚು. ಅದನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ. ಒಂದು ಮಾತ್ರ ನೆನಪಿರಲಿ. ಹೊಸ ಮನೆಗೆ ಅಡ್ವಾನ್ಸ್ ಮೊದಲೇ ಕೊಡಬೇಕು, ಹಳೆಯದು ವಾಪಸ್ ಬರುವುದು ಮನೆ ಖಾಲಿ ಮಾಡಿದ ಮೇಲೆ. ನಡುವಿನ ದಿನಗಳಿಗೆ ದುಡ್ಡು ಕೈಯಲ್ಲಿರಬೇಕು.

ಟೈಮ್ ಇದ್ದಿದ್ದರೆ ಮೂರು ತಿಂಗಳು ಈಗಿನ ಮನೆಯಲ್ಲೇ ಇದ್ದು ಹೊಸ ಬಾಡಿಗೆ ಕೊಟ್ಟು ನೋಡಿ ಅನ್ನುತ್ತಿದ್ದೆ. ಸಂಬಳ ಬಂದ ದಿನವೇ 9ನ್ನು ಬೇರೆ ಖಾತೆಗೆ ಹಾಕುವುದು, ಮಿಕ್ಕಿದ್ದರಲ್ಲಿ ಸಂಸಾರ ನಡೆಸುವುದು. ಆ ಖಾತೆಗೆ ಕೈ ಹಾಕದೆ ಮೂರು ತಿಂಗಳು ದಾಟಿದರೆ ಲಾರಿ ಖರ್ಚಿಗೂ ದುಡ್ಡು ಕೂಡಿರುತ್ತದೆ. ನಿಮಗಿರುವುದು ಹತ್ತೇ ದಿನ. ಆದ್ದರಿಂದ ಪಾಸ್‌ಬುಕ್ ಲೆಕ್ಕವೇ ಗತಿ. ಅದು 15ಕ್ಕಿಂತ ಮೇಲೆ ತೋರಿಸಿ, ಬೇರೆ ಖರ್ಚು ಹೆಚ್ಚು ಏರುವುದಿಲ್ಲ ಅಂತಾದರೆ ಮಾಲೀಕರಿಗೆ ಹೂಂ ಅನ್ನಿ, 33 ಆದರೂ ಪರವಾಗಿಲ್ಲ. 10ರ ಆಸುಪಾಸಿನಲ್ಲಿದ್ದರೆ ಬಾಡಿಗೆ ಇಳಿಸುತ್ತಾರಾ ಕೇಳಿ. ಇಳಿಸದಿದ್ದರೆ ಬೇರೆ ಮನೆ ನೋಡುವುದೇ ಒಳ್ಳೆಯದು.