ಹೋಟೆಲ್ ಅಡುಗೆಮನೆಯಲ್ಲಿ ಗ್ಯಾಸ್ ಅಪಾಯವನ್ನು ಅಂದಾಜು ಮಾಡುವುದು ಹೇಗೆ?

ಮುಂಬೈಯ ಮಾಟುಂಗಾದಲ್ಲಿ ಸಣ್ಣ ಹೋಟೆಲ್ ತೆರೆಯುತ್ತಿದ್ದೀರಿ, ಸಿಲಿಂಡರ್‌ದೇ ಭಯ ಅಂದಿದ್ದೀರಿ. ಸಿಲಿಂಡರ್ ಇದ್ದಮೇಲೆ ಅಪಾಯ ಇದ್ದದ್ದೇ. ಅನಾಹುತ ಆಗುವ ಸಾಧ್ಯತೆ ಎಷ್ಟು, ಒಂದು ವೇಳೆ ಆದರೆ ಪೆಟ್ಟು ಎಷ್ಟು ದೊಡ್ಡದು ಅಂತ ನೋಡಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಮೋರಿ, ಗುಂಡಿಗಳಲ್ಲಿ ಕೂರುತ್ತದೆ. ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಸೇರಿದರೂ ಒಂದು ಕಿಡಿ ಸಾಕು. ಹಾಗಾಗಿ ಮೇಲಿನ ಎಕ್ಸಾಸ್ಟ್ ಫ್ಯಾನ್ ಒಂದನ್ನೇ ನಂಬಬೇಡಿ, ನೆಲದ ಹತ್ತಿರವೂ ಗಾಳಿಕಿಂಡಿ ಬೇಕು. ಮಳೆಗಾಲದಲ್ಲಿ ನೀರು ಬರುತ್ತೆ ಅಂತ ಆ ಕಿಂಡಿಗೇ ಗೋಣಿ ತುರುಕುವವರಿದ್ದಾರೆ, ಎಡವಟ್ಟಾಗುವುದು ಅಲ್ಲೇ!

ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಉರಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಆಮೇಲೆ ಗ್ಯಾಸ್ ಸೋರಿಕೆ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.